ಅಲೆಯ ನೆತ್ತಿ ಚಪ್ಪಟೆಯಾದಾಗ

ಎಲೆಕ್ಟ್ರಿಕ್ ಗಿಟಾರಿನ ಅತಿ ದಪ್ಪ ತಂತಿಯನ್ನು ಯಾವ ಫ್ರೆಟ್ಟನ್ನೂ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತದೆ ಮೀಟಿದರೆ ಅದು ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ. ತಂತಿಯ ಕೆಳಗೆ ಕುಳಿತಿರುವ ಪಿಕಪ್‌ನಲ್ಲಿ ಅಯಸ್ಕಾಂತವಿದೆ, ಅದರ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ಸಾವಿರಾರು ಸುತ್ತುಗಳಿವೆ. ಉಕ್ಕಿನ ತಂತಿ ಅಲುಗಿದಂತೆಲ್ಲ ಆ ಸುರುಳಿಯಲ್ಲಿ ಪುಟ್ಟದೊಂದು ವಿದ್ಯುತ್ ಅಲೆ ಹುಟ್ಟುತ್ತದೆ. ಆ ಅಲೆಯ ಆಕಾರ ಕೆಡದಂತೆ ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡಲೆಂದೇ ಆಂಪ್ಲಿಫೈಯರನ್ನು ಕಂಡುಹಿಡಿದರು. ಅರವತ್ತರ ದಶಕದ ರಾಕ್ ಗಿಟಾರ್ ವಾದಕರು ಮನಸೋತದ್ದು ಆಂಪ್ ಈ ಕೆಲಸದಲ್ಲಿ ಸೋಲುವ ಗಳಿಗೆಗೆ.

ಆಂಪಿನೊಳಗೆ ಅಲೆಯನ್ನು ಹಿಗ್ಗಿಸುವ ಗಾಜಿನ ನಿರ್ವಾತ ಕೊಳವೆ, ಅಂದರೆ ವಾಲ್ವಿಗೆ, ಒಂದು ಮಿತಿಯಿದೆ. ತನಗೆ ಸಿಗುವ ವಿದ್ಯುತ್ ಒತ್ತಡವನ್ನು ಮೀರಿದ ಎತ್ತರದ ಅಲೆಯನ್ನು ಅದು ಹೊರಬಿಡಲಾರದು. ಅಲೆ ಎಷ್ಟು ಹಿಗ್ಗಬೇಕೆಂದು ನಿರ್ಧರಿಸುವ ಗೇನ್ ತಿರುಗಣೆಯನ್ನು ಏರಿಸುತ್ತ ಹೋದಂತೆ ಅಲೆಯ ನೆತ್ತಿ ಚಾವಣಿಗೆ ತಾಗಿ ಮೊದಲು ಸ್ವಲ್ಪ ಸವೆಯುತ್ತದೆ, ಮತ್ತೂ ಏರಿಸಿದರೆ ಚಪ್ಪಟೆಯಾಗುತ್ತದೆ. ಈ ಸವೆತಕ್ಕೇ ಡಿಸ್ಟಾರ್ಷನ್ ಎಂದು ಹೆಸರು. ದುಂಡಗಿನ ಅಲೆಗೆ ಮೂಲೆಗಳು ಮೂಡಿದಾಗ 82ರ ಗುಣಕಗಳಾದ 165, 247, 330 ಹರ್ಟ್ಸ್‌ನ ಉಪಸ್ವರಗಳು ಬಲಗೊಳ್ಳುತ್ತವೆ. ಅಲೆ ಮೇಲೂ ಕೆಳಗೂ ಸಮನಾಗಿ ಸವೆದರೆ ಬೆಸ ಗುಣಕಗಳು ಮೇಲುಗೈ ಪಡೆಯುತ್ತವೆ. ಒಂದೇ ಬದಿ ಹೆಚ್ಚು ಸವೆದರೆ ಸಮ ಗುಣಕಗಳೂ ಸೇರಿಕೊಂಡು ಧ್ವನಿ ತುಂಬಿಕೊಳ್ಳುತ್ತದೆ. ಜೊತೆಗೆ, ಮೀಟಿದ ಕ್ಷಣದ ಜೋರು ಸದ್ದಿಗೂ ಆರುತ್ತಿರುವ ಸದ್ದಿಗೂ ನಡುವಿನ ಅಂತರ ಕುಗ್ಗುವುದರಿಂದ ಸ್ವರ ಬಹಳ ಹೊತ್ತು ನಿಲ್ಲುತ್ತದೆ. ಪಿಟೀಲು ಕಮಾನಿನಿಂದ ಪಡೆಯುವ ದೀರ್ಘ ನಾದವನ್ನು ಗಿಟಾರ್ ಈ ಸವೆತದಿಂದ ಪಡೆಯಿತು.

ಮೊದಮೊದಲಿಗೆ ಈ ಸದ್ದು ಹುಟ್ಟಿದ್ದು ಅಪಘಾತಗಳಿಂದ. ಅರವತ್ತರ ದಶಕದ ಆರಂಭದಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ಸ್ಟುಡಿಯೊ ಒಂದರಲ್ಲಿ ಮಿಕ್ಸರಿನ ಚಾನೆಲ್ ಕೆಟ್ಟು ಬಾಸ್ ಗಿಟಾರಿನ ಧ್ವನಿ ಕರಕಲಾಗಿ ಕೇಳಿಸಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ದೋಷವನ್ನೇ ಟ್ರಾನ್ಸಿಸ್ಟರ್ ಸರ್ಕ್ಯೂಟಿನಲ್ಲಿ ಮರುಸೃಷ್ಟಿಸಿದರು. 1962ರಲ್ಲಿ ಅದು ಮೇಸ್ಟ್ರೊ ಫಝ್-ಟೋನ್ ಎಂಬ ಪೆಡಲ್ (ಗಿಟಾರಿಗೂ ಆಂಪಿಗೂ ನಡುವೆ ಜೋಡಿಸಿ ಕಾಲಿನಿಂದ ಒತ್ತುವ ಪೆಟ್ಟಿಗೆ) ಆಗಿ ಮಾರುಕಟ್ಟೆಗೆ ಬಂತು. ದಿ ಕಿಂಕ್ಸ್ ತಂಡದ ಡೇವ್ ಡೇವಿಸ್ ತಮ್ಮ ಪುಟ್ಟ ಆಂಪಿನ ಸ್ಪೀಕರ್ ಕಾಗದವನ್ನೇ ಬ್ಲೇಡಿನಿಂದ ಸೀಳಿದರು. 1964ರ ಅವರ ಧ್ವನಿಮುದ್ರಣದಲ್ಲಿ ಆ ಸೀಳಿನ ಗರಗರ ಇಂದಿಗೂ ಕೇಳಿಸುತ್ತದೆ.

ಆಂಪ್ ಆರಿಸಲು ಹೊರಟವರು ಎರಡು ವಂಶಗಳನ್ನು ತಿಳಿದುಕೊಂಡರೆ ದಾರಿ ಬಹುಮಟ್ಟಿಗೆ ಸಲೀಸಾಗುತ್ತದೆ. ಲಂಡನ್ನಿನಲ್ಲಿ ಡ್ರಮ್ ಕಲಿಸುತ್ತ ವಾದ್ಯಗಳ ಅಂಗಡಿ ನಡೆಸುತ್ತಿದ್ದ ಜಿಮ್ ಮಾರ್ಷಲ್ 1962ರಲ್ಲಿ ತಮ್ಮ ಸಂಗಡಿಗರೊಂದಿಗೆ ಸೇರಿ ಅಮೆರಿಕದ ಫೆಂಡರ್ ಬಾಸ್‌ಮ್ಯಾನ್ ಆಂಪನ್ನು ಮಾದರಿಯಾಗಿಟ್ಟುಕೊಂಡು ತಮ್ಮದೇ ಆಂಪ್ ಕಟ್ಟಿದರು. ಸರ್ಕ್ಯೂಟ್ ಹೆಚ್ಚುಕಡಿಮೆ ಅದೇ. ಆದರೆ ಮೊದಲ ಹಂತದ ವಾಲ್ವ್ ಹೆಚ್ಚು ಗೇನ್ ಕೊಡುವಂಥದ್ದು. ಬಾಸ್‌ಮ್ಯಾನ್‌ನ ಹತ್ತು ಇಂಚಿನ ನಾಲ್ಕು ಸ್ಪೀಕರುಗಳಿದ್ದ ತೆರೆದ ಬೆನ್ನಿನ ಪೆಟ್ಟಿಗೆಯ ಬದಲು ಹನ್ನೆರಡು ಇಂಚಿನ ಸೆಲೆಸ್ಚನ್ ಕಂಪನಿಯ ನಾಲ್ಕು ಸ್ಪೀಕರುಗಳ ಮುಚ್ಚಿದ ಪೆಟ್ಟಿಗೆ ಬಂತು. ಅಷ್ಟರಿಂದಲೇ ಧ್ವನಿಗೆ ಎದೆಯುಬ್ಬಿಸಿದ ಗಡಸು ಬಂತು. ಇನ್ನೊಂದು ವಂಶ ವಾಕ್ಸ್ ಎಸಿ30ಯದು. ಔಟ್‌ಪುಟ್ ಹಂತದ ತಪ್ಪನ್ನು ಹಿಂದಕ್ಕೆ ಕಳಿಸಿ ತಿದ್ದುವ ಫೀಡ್‌ಬ್ಯಾಕ್ ಏರ್ಪಾಡು ಇದರಲ್ಲಿಲ್ಲ. ಹೀಗಾಗಿ ಶುಭ್ರ ಧ್ವನಿಯಿಂದ ಒರಟು ಧ್ವನಿಗೆ ಅದು ಮೆಲ್ಲಗೆ ಹೊರಳುತ್ತದೆ, ಮೇಲಿನ ಸ್ವರಗಳು ಗಂಟೆಯಂತೆ ಮಿನುಗುತ್ತವೆ. ಕ್ವೀನ್ ತಂಡದ ಬ್ರಯಾನ್ ಮೇ ಕೈಗೆ ಸಿಕ್ಕಿ ಹಾಡಿದ್ದು ಈ ಆಂಪ್. ಅದರ ಮುಂದೆ ಅವರು ಇಟ್ಟದ್ದು ಮೇಲಿನ ಸ್ವರಗಳನ್ನು ಎತ್ತಿ ಕೊಡುವ ಟ್ರೆಬಲ್ ಬೂಸ್ಟರ್ ಒಂದನ್ನು.

ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದಾಗ ನಡೆಯುವುದು ನನಗೆ ಇಡೀ ವಿಷಯದಲ್ಲೇ ಅತ್ಯಂತ ಬೆರಗಿನದು. 110 ಹರ್ಟ್ಸ್‌ನ ಷಡ್ಜವನ್ನೂ ಅದರ ಪಂಚಮವಾದ 165 ಹರ್ಟ್ಸ್ ಅನ್ನೂ ಸವೆದ ಅಲೆಯಾಗಿಸಿದರೆ, ಆಂಪ್ ಅವುಗಳ ವ್ಯತ್ಯಾಸವನ್ನೂ ಮೊತ್ತವನ್ನೂ ತಾನೇ ಹುಟ್ಟಿಸುತ್ತದೆ. ವ್ಯತ್ಯಾಸ 55, ಅಂದರೆ ಕೆಳಗಿನ ಸ್ಥಾಯಿಯ ಷಡ್ಜ. ಯಾರೂ ನುಡಿಸದಿದ್ದರೂ ನೆಲದಡಿಯಿಂದ ಅದು ಕೇಳಿಬರುತ್ತದೆ. ಮೊತ್ತ 275, ಅದು ಮೇಲಿನ ಸ್ಥಾಯಿಯ ಅಂತರ ಗಾಂಧಾರ. ಬೆರಳುಗಳು ಎರಡು ಸ್ವರ ಒತ್ತಿದರೆ ಕಿವಿಗೆ ಪೂರ್ಣ ಸ್ವರಮೇಳವೇ ದಕ್ಕುತ್ತದೆ. ಪವರ್ ಕಾರ್ಡ್ ಎಂಬ ಹೆಸರು ಅದಕ್ಕೆ ಸುಮ್ಮನೆ ಬಂದದ್ದಲ್ಲ. ಈಗ ಮೂರನೆಯ ಬೆರಳಿನಿಂದ ಗಾಂಧಾರವನ್ನೂ ಒತ್ತಿ ನೋಡಿ. ಗಿಟಾರಿನ ಫ್ರೆಟ್ಟುಗಳು ಕೊಡುವ ಗಾಂಧಾರ ಶುದ್ಧವಾದ 137.5ರ ಬದಲು ಸುಮಾರು 138.6 ಹರ್ಟ್ಸ್‌ನದು. ಅದರ ಉಪಸ್ವರ 277, ಆಂಪ್ ಹುಟ್ಟಿಸಿದ್ದು 275. ಇವೆರಡೂ ತಿಕ್ಕಾಡಿ ಸೆಕೆಂಡಿಗೆ ಎರಡು ಬಾರಿಯಂತೆ ಏರಿಳಿಯುತ್ತವೆ. ಇಂಥ ತಿಕ್ಕಾಟಗಳು ಮೇಲೆ ಮೇಲೆ ಹೋದಂತೆ ಚುರುಕಾಗಿ ಧ್ವನಿ ಕದಡಿಹೋಗುತ್ತದೆ. ಗೇನ್ ಹೆಚ್ಚಿಸಿದಷ್ಟೂ ನುಡಿಸಬಹುದಾದ ಸ್ವರಮೇಳಗಳು ಕಡಿಮೆಯಾಗುವುದಕ್ಕೆ ಕಾರಣ ಇದು.

ಅದಕ್ಕೇ ಹೊಸಬರಿಗೆ ನಾನು ಮೊದಲು ಹೇಳುವ ಮಾತು: ಗೇನ್ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಸಾಕು. ಎಸಿ/ಡಿಸಿ ತಂಡದ ಮಾಲ್ಕಂ ಯಂಗ್ ಅವರ ತಾಳ ಗಿಟಾರನ್ನು ಗಮನವಿಟ್ಟು ಕೇಳಿದರೆ ಅದು ಎಷ್ಟು ಶುಭ್ರವಾಗಿದೆ ಎಂದು ಅಚ್ಚರಿಯಾಗುತ್ತದೆ. ಹಳೆಯ ಧ್ವನಿಮುದ್ರಣಗಳಲ್ಲಿ ದಪ್ಪವೆನಿಸುವ ಎಷ್ಟೋ ಗಿಟಾರುಗಳು ಒಂದೇ ಭಾಗವನ್ನು ಎರಡು ಸಲ ನುಡಿಸಿ ಸೇರಿಸಿದವು.

ಎರಡನೆಯ ಮಾತು ಸ್ಪೀಕರಿನದು. ಅದು ಬರೀ ಕೊನೆಯ ಕೊಂಡಿ ಎಂದು ಕಡೆಗಣಿಸುವವರೇ ಹೆಚ್ಚು. ನಾನೊಮ್ಮೆ ಕುತೂಹಲದಿಂದ ಫಝ್ ಪೆಡಲನ್ನು ಹಾಡು ಕೇಳುವ ಉತ್ತಮ ಸ್ಪೀಕರಿಗೇ ನೇರವಾಗಿ ಜೋಡಿಸಿದೆ. ತಗಡಿನ ಮೇಲೆ ಮರಳು ಸುರಿದಂತೆ ಕೇಳಿಸಿತು. ಸವೆದ ಅಲೆಯ ಉಪಸ್ವರಗಳು ಹತ್ತು ಸಾವಿರ ಹರ್ಟ್ಸ್ ದಾಟಿ ಹೋಗುತ್ತವೆ. ಒಳ್ಳೆಯ ಸ್ಪೀಕರ್ ಅಷ್ಟನ್ನೂ ಪ್ರಾಮಾಣಿಕವಾಗಿ ನುಡಿಯುತ್ತದೆ. ಗಿಟಾರ್ ಆಂಪಿನ ಹನ್ನೆರಡು ಇಂಚಿನ ಕಾಗದದ ಕೋನ್ ಅಷ್ಟು ಬೇಗ ಅಲುಗಲಾರದು. ಸುಮಾರು ಐದು ಸಾವಿರ ಹರ್ಟ್ಸ್ ಆಚೆಗೆ ಅದರ ಧ್ವನಿ ಕಡಿದಾಗಿ ಇಳಿಯುತ್ತದೆ, ಕಿವಿ ಕೊರೆಯುವುದೆಲ್ಲ ಅಲ್ಲೇ ಸೋಸಿಹೋಗುತ್ತದೆ. ಡಿಜಿಟಲ್ ಉಪಕರಣದಲ್ಲಿ ನುಡಿಸುವವರು ಆಂಪಿನ ಮಾದರಿಗಳನ್ನು ಬದಲಿಸುತ್ತ ಗಂಟೆಗಟ್ಟಲೆ ಕಳೆಯುತ್ತಾರೆ. ಸ್ಪೀಕರ್ ಪೆಟ್ಟಿಗೆಯ ಮಾದರಿಯನ್ನು ಒಮ್ಮೆ ಬದಲಿಸಿ ನೋಡಿ, ವ್ಯತ್ಯಾಸ ಅದಕ್ಕಿಂತ ದೊಡ್ಡದು.

ಇನ್ನು ವ್ಯಾಟ್. ಕೇಳಿಸುವ ಜೋರು ಇಮ್ಮಡಿಯಾಗಲು ಶಕ್ತಿ ಸುಮಾರು ಹತ್ತು ಪಟ್ಟು ಬೇಕು. 100 ವ್ಯಾಟಿನ ಆಂಪ್ 10 ವ್ಯಾಟಿನದಕ್ಕಿಂತ ಎರಡು ಪಟ್ಟು ಜೋರು, ಅಷ್ಟೇ. ಗ್ರೀನ್‌ಬ್ಯಾಕ್ ಎಂದು ಹೆಸರಾದ ಸ್ಪೀಕರ್ ಒಂದೇ ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಸುಮಾರು 98 ಡೆಸಿಬಲ್ ಸದ್ದು ಕೊಡುತ್ತದೆ. 85 ಡೆಸಿಬಲ್ಲಿಗೆ ಎಂಟು ಗಂಟೆ, ಪ್ರತಿ 3 ಡೆಸಿಬಲ್ ಏರಿಕೆಗೆ ಅದರ ಅರ್ಧ ಎಂಬ ಸುರಕ್ಷತೆಯ ಲೆಕ್ಕ ಹಿಡಿದರೆ, ಆ ಒಂದು ವ್ಯಾಟಿನ ಮುಂದೆ ದಿನಕ್ಕೆ ಅರ್ಧ ಗಂಟೆ ಕೂರುವುದೂ ಹೆಚ್ಚು. ಕೋಣೆಯಲ್ಲಿ ನುಡಿಸುವವರಿಗೆ ಐದು ವ್ಯಾಟಿನ ವಾಲ್ವ್ ಆಂಪ್ ಧಾರಾಳ. ದೊಡ್ಡ ಆಂಪನ್ನು ಪಳಗಿಸಲು ಅದಕ್ಕೂ ಸ್ಪೀಕರಿಗೂ ನಡುವೆ ಶಕ್ತಿಯ ಒಂದು ಪಾಲನ್ನು ಹೀರಿಕೊಳ್ಳುವ ಅಟೆನ್ಯುಯೇಟರ್ ಇಡಬಹುದು. ಸ್ಪೀಕರನ್ನು ಕಳಚಿಟ್ಟು ವಾಲ್ವ್ ಆಂಪನ್ನು ಎಂದೂ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಕಿವಿಯದೂ ಒಂದು ಪಾಲಿದೆ. ಮೆಲ್ಲನೆಯ ಸದ್ದಿನಲ್ಲಿ ತಗ್ಗಿನ ಸ್ವರಗಳು ನಮಗೆ ಸರಿಯಾಗಿ ಕೇಳಿಸುವುದಿಲ್ಲವೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಒಬ್ಬನೇ ಕುಳಿತು ಬಾಸ್ (ತಗ್ಗಿನ ಸ್ವರಗಳು) ಪೂರ್ತಿ ಏರಿಸಿ, ಮಿಡ್ (ನಡುವಿನ ಸ್ವರಗಳು) ಪೂರ್ತಿ ಇಳಿಸಿ ನಾನು ಹದಗೊಳಿಸಿದ್ದ ಧ್ವನಿ, ಡ್ರಮ್ಮು ಮತ್ತು ಬಾಸ್ ಗಿಟಾರ್ ಜೊತೆಗೂಡಿದ ಮೊದಲ ದಿನವೇ ಕಾಣೆಯಾಯಿತು. ತಗ್ಗಿನ ಜಾಗವನ್ನು ಅವೆರಡೂ ಆಗಲೇ ತುಂಬಿದ್ದವು. ಮಿಡ್ ಏರಿಸಿ ಬಾಸ್ ಇಳಿಸಿದ ಮೇಲೆ ಗಿಟಾರ್ ಮರಳಿ ಬಂತು.

ಪೆಡಲುಗಳ ಸಾಲು ಉದ್ದವಿರಬೇಕಿಲ್ಲ. ಅಲೆಯನ್ನು ಮೆಲ್ಲಗೆ ಸವೆಸುವ ಓವರ್‌ಡ್ರೈವ್ ಪೆಡಲಿನ ಗೇನ್ ಇಳಿಸಿ, ವಾಲ್ಯೂಮ್ ಏರಿಸಿ, ಆಗಲೇ ಸವೆಯತೊಡಗಿರುವ ಆಂಪನ್ನು ಅದರಿಂದ ಮುಂದಕ್ಕೆ ತಳ್ಳಿದರೆ ಅರ್ಧ ಕೆಲಸ ಮುಗಿಯಿತು. ಪ್ರತಿಧ್ವನಿ ಕೊಡುವ ಡಿಲೇ, ರಿವರ್ಬ್‌ಗಳು ಡಿಸ್ಟಾರ್ಷನ್ನಿನ ನಂತರ ಇರಲಿ. ಮೊದಲೇ ಇಟ್ಟರೆ ಪ್ರತಿಧ್ವನಿಯ ಮೆಲುಬಾಲವೂ ಸವೆದು, ಮೂಲ ಸ್ವರದಷ್ಟೇ ಜೋರಾಗಿ ಮುಂದಿನ ಸ್ವರದ ಮೇಲೆ ಬೀಳುತ್ತದೆ.

1966ರಲ್ಲಿ ಬಂದ ಫಝ್ ಫೇಸ್ ಪೆಡಲಿನಲ್ಲಿ ಎರಡು ಜರ್ಮೇನಿಯಂ ಟ್ರಾನ್ಸಿಸ್ಟರುಗಳಿದ್ದವು. ಕೋಣೆ ಬಿಸಿಯಾದರೂ ಸಾಕು, ಅವುಗಳ ಧ್ವನಿ ಬದಲಾಗುತ್ತದೆ. ಆದರೆ ಅದು ಪಿಕಪ್ಪಿನ ಸುರುಳಿಯೊಡನೆ ನೇರವಾಗಿ ಬೆಸೆದುಕೊಳ್ಳುವ ಬಗೆ ಬೇರೆ ಪೆಡಲುಗಳಲ್ಲಿ ಅಪರೂಪ. ಅದನ್ನು ಗಿಟಾರಿಗೆ ಮೊದಲನೆಯದಾಗಿ ಜೋಡಿಸಿ, ಒಂದು ಸ್ವರ ಮೀಟಿ, ಗಿಟಾರಿನ ವಾಲ್ಯೂಮ್ ತಿರುಗಣೆಯನ್ನು ಹತ್ತರಿಂದ ಏಳಕ್ಕೆ ತನ್ನಿ. ಗದ್ದಲ ಸರಿದು ಗಾಜಿನಂಥ ಧ್ವನಿ ಹೊರಬರುತ್ತದೆ, ಅಲೆಯ ನೆತ್ತಿ ಮತ್ತೆ ದುಂಡಗಾಗುತ್ತದೆ. ಕಿರುಬೆರಳಿನ ಅಷ್ಟು ಸಣ್ಣ ಚಲನೆಗೆ ಅಷ್ಟು ದೊಡ್ಡ ಬದಲಾವಣೆ.