ಬಕ್ನರ್ ಬಾಲ್ ಬಿಟ್ಟಿದ್ದಕ್ಕೇ 1986ರ ವರ್ಲ್ಡ್ ಸೀರೀಸ್ ಹೋಯ್ತಾ?

ಪ್ರಶ್ನೆ: ಸರ್, 1986ರ ವರ್ಲ್ಡ್ ಸೀರೀಸಲ್ಲಿ, ಅಂದ್ರೆ ಅಮೆರಿಕದ ಬೇಸ್‌ಬಾಲ್ ಫೈನಲಲ್ಲಿ, ಫೀಲ್ಡಿಂಗ್ ಮಾಡ್ತಿದ್ದ ಬಿಲ್ ಬಕ್ನರ್ ಆ ಒಂದು ಬಾಲ್ ಹಿಡಿದಿದ್ರೆ ಅವನ ಟೀಮು ಬೋಸ್ಟನ್ ರೆಡ್ ಸಾಕ್ಸ್ ಗೆದ್ದಿರ್ತಿತ್ತು ಅಲ್ವಾ?

ಇಲ್ಲ. ಬೇಸ್‌ಬಾಲ್ ಬಗ್ಗೆ ಏನೇ ಬರೆದ್ರೂ ಕೊನೆಗೆ ಇದೇ ಪ್ರಶ್ನೆ ಬರುತ್ತೆ, ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಈ ಸಲ ಪೂರ್ತಿ ಬಿಡಿಸಿ ಹೇಳ್ತೀನಿ, ಗಮನ ಇಟ್ಟು ಓದಿ.

ಅಕ್ಟೋಬರ್ 25, ನ್ಯೂಯಾರ್ಕಿನ ಶೇ ಸ್ಟೇಡಿಯಂ, ಅಲ್ಲಿಯ ಟೀಮು ಮೆಟ್ಸ್ ವಿರುದ್ಧ ಆರನೇ ಮ್ಯಾಚು. ಏಳರಲ್ಲಿ ನಾಲ್ಕು ಗೆದ್ದೋರಿಗೆ ಸೀರೀಸ್, ಬೋಸ್ಟನ್ 3-2 ಮುಂದೆ. 10ನೇ ಇನ್ನಿಂಗ್ಸಲ್ಲಿ ಬೋಸ್ಟನ್‌ಗೆ 5-3 ಲೀಡು, ಮೆಟ್ಸ್ ಕಡೆ ಎರಡು ಔಟ್ ಆಗೋಗಿದೆ (ಮೂರು ಔಟ್ ಆದ್ರೆ ಆ ಟೀಮಿನ ಸರದಿ ಮುಗೀತು), ಬೇಸ್ ಮೇಲೆ ಒಬ್ಬನೂ ಇಲ್ಲ. ಇನ್ನೊಂದೇ ಔಟ್ ಬೇಕಿತ್ತು. ಅಲ್ಲಿಂದ ಮೆಟ್ಸ್‌ನ ಕಾರ್ಟರ್ ಹಿಟ್ (ಬಾಲ್ ಹೊಡೆದು ಬೇಸ್ ಮುಟ್ಟೋದು), ಮಿಚೆಲ್ ಹಿಟ್, ನೈಟ್ ಹಿಟ್, 5-4. ಬೋಸ್ಟನ್‌ನವರು ಪಿಚರ್, ಅಂದ್ರೆ ಬಾಲ್ ಎಸೆಯೋನು, ಶಿರಾಲ್ಡಿನ ತೆಗೆದು ಬಾಬ್ ಸ್ಟ್ಯಾನ್ಲಿನ ತಂದ್ರು, ಸ್ಟ್ಯಾನ್ಲಿ ಎಸೆದ ಬಾಲೊಂದು ಕೀಪರ್ ಥರ ಹಿಂದೆ ಕೂರೋ ಕ್ಯಾಚರ್ ಕೈಗೆ ಸಿಗದೆ ಹಿಂದಕ್ಕೆ ಹೋಯ್ತು, ಮಿಚೆಲ್ ಓಡಿ ಬಂದ, 5-5. ಈ ಹೊತ್ತಿಗೆ ಬಕ್ನರ್ ಹತ್ರ ಬಾಲೇ ಬಂದಿಲ್ಲ! ಲೀಡ್ ಆಗಲೇ ಹೋಗಿದೆ.

ಆಮೇಲೆ ಮೂಕಿ ವಿಲ್ಸನ್ ತಾನು ಎದುರಿಸಿದ 10ನೇ ಬಾಲನ್ನ ಮೆಲ್ಲಗೆ ನೆಲಕ್ಕೆ ಹೊಡೆದ, ಅದು ಬಕ್ನರ್ ಕಾಲ ಸಂದೀಲಿ ತೂರಿ ಹೋಯ್ತು, ನೈಟ್ ಬಂದ, 6-5. ಹಿಡಿದು ವಿಲ್ಸನ್‌ನ ಮೂರನೇ ಔಟ್ ಮಾಡಿದ್ರೂ ಸ್ಕೋರ್ 5-5ರಲ್ಲೇ ಇರ್ತಿತ್ತು, 11ನೇ ಇನ್ನಿಂಗ್ಸ್ ಆಡ್ಬೇಕಿತ್ತು ಅಷ್ಟೇ. ಕ್ರಿಕೆಟ್ ಲೆಕ್ಕದಲ್ಲಿ ಹೇಳೋದಾದ್ರೆ, ಬೌಲರ್‌ಗಳೆಲ್ಲ ಹೊಡೆಸ್ಕೊಂಡ ಮೇಲೆ ಕೊನೇ ಬಾಲ್ ಮಿಸ್‌ಫೀಲ್ಡ್ ಮಾಡಿದೋನೊಬ್ಬನನ್ನೇ ಬೈಯೋದು ಯಾವ ನ್ಯಾಯ?

ಅದೂ ಅಲ್ದೆ ಇನ್ನೊಂದು ಮ್ಯಾಚ್ ಇತ್ತಲ್ಲ, ಅದನ್ಯಾಕೆ ಎಲ್ರೂ ಮರೀತಾರೋ! ಮಳೆಯಿಂದ ಒಂದು ದಿನ ತಡ ಆಗಿ 27ಕ್ಕೆ ನಡೀತು, ಬೋಸ್ಟನ್ 3-0 ಮುಂದಿದ್ದು 8-5ರಲ್ಲಿ ಸೋತರು. ಆವತ್ತು 8ನೇ ಇನ್ನಿಂಗ್ಸಲ್ಲಿ ಬಕ್ನರ್ ಹಿಟ್ ಹೊಡೆದು ರನ್ನೂ ಗಳಿಸಿದ. ಆ ಸೀಸನ್‌ನಲ್ಲಿ 102 ರನ್ ತಂದುಕೊಟ್ಟೋನು, ಕರಿಯರ್‌ನಲ್ಲಿ 2,715 ಹಿಟ್ ಹೊಡೆದೋನು, ಅವನನ್ನ ಒಂದು ಬಾಲಿಗೆ ಕಟ್ಟಿಹಾಕಿದ್ದು ನನಗೆ ಇವತ್ತಿಗೂ ಸಂಕಟ ಆಗುತ್ತೆ.

ನಿಜವಾಗ್ಲೂ ಕೇಳ್ಬೇಕಾದ ಪ್ರಶ್ನೆ ಅಂದ್ರೆ, ಆರನೇ ಮ್ಯಾಚಿನ ಆ ಹೊತ್ತಲ್ಲಿ ಬಕ್ನರ್ ಫಸ್ಟ್ ಬೇಸಲ್ಲಿ (ಮೊದಲನೇ ಬೇಸ್ ಕಾಯೋ ಜಾಗ) ಫೀಲ್ಡಿಂಗ್‌ಗೆ ಯಾಕಿದ್ದ? ವಯಸ್ಸು 36, ಎರಡೂ ಕಾಲಿನ ಗಿಣ್ಣು ನೋವು, ಕುಂಟ್ಕೊಂಡೇ ಓಡ್ತಿದ್ದ. ಬೋಸ್ಟನ್ ಗೆದ್ದ 1, 2, 5ನೇ ಮ್ಯಾಚಲ್ಲಿ ಮ್ಯಾನೇಜರ್ ಜಾನ್ ಮೆಕ್‌ನಮಾರ ಕೊನೆಕೊನೆಗೆ ಅವನನ್ನ ಕೂರಿಸಿ ಡೇವ್ ಸ್ಟೇಪಲ್ಟನ್‌ನ ಇಳಿಸಿದ್ದ. ಆರನೇದರಲ್ಲಿ ಇಳಿಸ್ಲಿಲ್ಲ. ತಪ್ಪು ಅಂತ ಹುಡುಕೋರು ಅಲ್ಲಿಂದ ಶುರು ಮಾಡಿ.