ಅಜ್ಜ ಯಾರವರು?

ಹೋದ ತಿಂಗಳು ಮಾಟುಂಗದ ನನ್ನ ವಕೀಲಿ ಕಚೇರಿಗೆ ಡೊಂಬಿವಲಿಯ ಹುಡುಗಿಯೊಬ್ಬಳು ಬಂದಳು. (ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.) ಮುಂಬಯಿಯ ಉಡುಪಿ ಹೋಟೆಲುಗಳ ಬಗ್ಗೆ ಅವಳು ಹಾಕಿದ ಕನ್ನಡ ಲೇಖನ ಜಾಲತಾಣಗಳಲ್ಲಿ ಚೆನ್ನಾಗಿ ಓಡಾಡಿತ್ತು. ಈಗ ಮರಾಠಿ ಲೇಖಕರೊಬ್ಬರು ಅದು ತಮ್ಮದೆಂದು ನೋಟಿಸು ಕಳಿಸಿದ್ದರು.

"ಕಾಪಿ ಮಾಡಿಲ್ಲ ಸರ್. ಒಂದೊಂದು ವಾಕ್ಯವನ್ನೂ ನಾನೇ ಕನ್ನಡಕ್ಕೆ ತಂದೆ. ಕೆಳಗೆ 'ಕೃಪೆ: ಅಂತರ್ಜಾಲ' ಅಂತಲೂ ಹಾಕಿದ್ದೇನೆ."

ಎರಡೂ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಓದಿದೆ. ಮೂರನೇ ಪ್ಯಾರಾದಲ್ಲಿ 'ನನ್ನಜ್ಜ' ದಾದರ್ ಟಿಟಿಯಲ್ಲಿ (ಟ್ರಾಮ್ ಟರ್ಮಿನಸ್) ಟ್ರಾಮ್ ಇಳಿದು ಇಡ್ಲಿ ತಿನ್ನಲು ಹೋಗುತ್ತಾರೆ.

"ನಿನ್ನಜ್ಜ ಮುಂಬಯಿಗೆ ಯಾವಾಗ ಬಂದರಮ್ಮಾ?"

ಹುಡುಗಿ ತಲೆ ತಗ್ಗಿಸಿದಳು. ಅವಳಜ್ಜ ಕುಂದಾಪುರ ಬಿಟ್ಟು ಬಂದವರೇ ಅಲ್ಲ.

ಮರಾಠಿ, ಹಿಂದಿ ಓದಿ ಕನ್ನಡದಲ್ಲಿ ಬರೆಯುವವರು ಈ ಊರಲ್ಲಿ ಬಹಳ ಮಂದಿ. ಹಾಗಾಗಿ ಇಂಥ ಪ್ರಕರಣ ನನ್ನ ಮೇಜಿಗೆ ಮತ್ತೆ ಮತ್ತೆ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಕಲಂ ಪ್ರಕಾರ ಅನುವಾದದ ಹಕ್ಕೂ ಕೃತಿಸ್ವಾಮ್ಯ ಉಳ್ಳವರದೇ. ಅದಕ್ಕೆ ನೋಂದಣಿಯಾಗಬೇಕೆಂದಿಲ್ಲ, ಬರೆದಾಗಲೇ ಹಕ್ಕು ಬಂದಿರುತ್ತದೆ. ಉಡುಪಿ ಹೋಟೆಲು ಎಂಬ ವಿಷಯಕ್ಕೆ ಯಾರೂ ಯಜಮಾನರಲ್ಲ, ನೀವೂ ಬರೆಯಿರಿ. ಆ ಅಜ್ಜ, ಆ ಟ್ರಾಮು, ಅದನ್ನು ಹೇಳಿದ ಬಗೆ ಮಾತ್ರ ಆ ಲೇಖಕರವು. ವಿಮರ್ಶೆಗೆಂದು ಹೆಸರು ಹೇಳಿ ನಾಲ್ಕು ಸಾಲು ಎತ್ತಿಕೊಂಡರೆ 52ನೇ ಕಲಂ ಕಾಯುತ್ತದೆ, ಇಡೀ ಲೇಖನ ಎತ್ತಿದರೆ ಇಲ್ಲ.

ಹಳಬರ ಕೃತಿಗಳ ವಿಷಯದಲ್ಲೂ ಜನ ಎಡವುತ್ತಾರೆ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಗೋವಿಂದ ಪೈಯವರು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಅಚ್ಚಾದ ಕವಿತೆಗಳು 2024ರ ಜನವರಿ 1ರಿಂದ ಮುಕ್ತ. ಬೇಂದ್ರೆಯವರು ಇದೇ ಮುಂಬಯಿಯಲ್ಲಿ 1981ರಲ್ಲಿ ತೀರಿಕೊಂಡರು, ಅವರ ಪದ್ಯಕ್ಕೆ 2041 ಮುಗಿಯುವವರೆಗೆ ಅನುಮತಿ ಬೇಕು. ಪೈಯವರ ಪದ್ಯವನ್ನು ಯಾರನ್ನೂ ಕೇಳದೆ ಹಾಕಬಹುದು, ನಿಜ. ಆದರೆ ನಿಮ್ಮ ಹೆಸರಲ್ಲಿ ಹಾಕಿಕೊಂಡರೆ ಅದು ಕೃತಿಚೌರ್ಯವೇ.

ಹುಡುಗಿಯಿಂದ ಅಂದೇ ಲೇಖನ ತೆಗೆಸಿ ಪತ್ರ ಬರೆಸಿದೆ. ತಪ್ಪಾಯಿತು, ನಿಮ್ಮ ಹೆಸರನ್ನು ಮೇಲೆ ಹಾಕಿ ಅನುವಾದವೆಂದೇ ಪ್ರಕಟಿಸಲು ಒಪ್ಪುತ್ತೀರಾ, ಎಲ್ಲಿ, ಎಷ್ಟು ಕಾಲ ಎಂದು. ಕಾಲ ನಮೂದಿಸದಿದ್ದರೆ ಕಾಯ್ದೆ 5 ವರ್ಷವೆಂದು ಹಿಡಿಯುತ್ತದೆ, ಬರೆದಿರುವುದು ಇಬ್ಬರಿಗೂ ಒಳ್ಳೆಯದು.

ಎರಡೇ ದಿನಕ್ಕೆ ಒಪ್ಪಿಗೆ ಬಂತು. ಲೇಖಕರು ಕೇಳಿದ್ದು ಒಂದೇ: ಮರಾಠಿಯಲ್ಲಿ ಬಿಟ್ಟುಹೋಗಿದ್ದ ತಮ್ಮ ಅಜ್ಜನ ಹೆಸರು ಕನ್ನಡದಲ್ಲಾದರೂ ಇರಲಿ.