ಇಪಿಸಿ: ಕಂಡದ್ದಕ್ಕೆ, ಕಾಗದವಿದ್ದದ್ದಕ್ಕೆ ಮಾತ್ರ ಅಂಕ

ಇಂಗ್ಲೆಂಡಿನಲ್ಲಿ ಮನೆಗಳ ಇಪಿಸಿ, ಅಂದರೆ ಇಂಧನ ದಕ್ಷತೆಯ ಪ್ರಮಾಣಪತ್ರ, ತಯಾರಿಸುವುದು ನನ್ನ ವೃತ್ತಿ. ಈ ಕೆಲಸಕ್ಕಾಗಿ ನನ್ನನ್ನು ಕರೆಯುವ ಕನ್ನಡಿಗರಲ್ಲಿ ಬಾಡಿಗೆ ಮನೆಯ ಮಾಲೀಕರಾಗಬೇಕೆಂದು ಮೊದಲೇ ಯೋಜನೆ ಹಾಕಿಕೊಂಡಿದ್ದವರು ಕಡಿಮೆ. ಮೊದಲ ಕೆಲಸ ಸಿಕ್ಕ ಊರಿನಲ್ಲಿ ಕೊಂಡ ಫ್ಲ್ಯಾಟನ್ನು, ಆಸ್ಪತ್ರೆಯೋ ಕಂಪನಿಯೋ ಬದಲಾಗಿ ಬೇರೆ ಊರಿಗೆ ಹೊರಡುವಾಗ ಮಾರಲು ಮನಸ್ಸಾಗದೆ ಬಾಡಿಗೆಗೆ ಬಿಟ್ಟವರೇ ಹೆಚ್ಚು. ಬೆಂಗಳೂರಿಗೆ ಮರಳಿದ ಮೇಲೂ ರೆಡಿಂಗ್‌ನಲ್ಲಿಯೋ ಸ್ಲೌನಲ್ಲಿಯೋ ಇರುವ ಮನೆಯನ್ನು ಲೆಟಿಂಗ್ ಏಜೆಂಟರ ಕೈಗೆ ಒಪ್ಪಿಸಿ ಹೋದವರೂ ಕೆಲವರಿದ್ದಾರೆ. ಇವರಿಗೆಲ್ಲ ಇಪಿಸಿ ಎಂದರೆ ಏಜೆಂಟರು ಕೇಳುವ ಹತ್ತಾರು ಕಾಗದಗಳಲ್ಲಿ ಒಂದು. ದರ್ಜೆ ಕೆಳಗೆ ಬಂದಾಗ ಮಾತ್ರ ಅದರತ್ತ ಗಮನ ಹರಿಯುತ್ತದೆ, ಕೂಡಲೇ ಬಾಯ್ಲರ್ ಬದಲಿಸಬೇಕೇ, ಕಿಟಕಿ ಬದಲಿಸಬೇಕೇ ಎಂಬ ಪ್ರಶ್ನೆ ಏಳುತ್ತದೆ. ಖರ್ಚಿನ ಮಾತು ಎತ್ತುವ ಮೊದಲು, ಈ ದರ್ಜೆ ಬರುವುದು ಹೇಗೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ಕಾನೂನಿನ ಸಂಗತಿ. ಯುರೋಪಿಯನ್ ಒಕ್ಕೂಟದ 2002ರ ನಿರ್ದೇಶನವೊಂದರ ಪ್ರಕಾರ ಈ ಪದ್ಧತಿ ಬಂದಿತು; ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಮಾರಾಟದ ಮನೆಗಳಿಗೆ 2007ರಲ್ಲಿ ಆರಂಭವಾಗಿ, 2008ರ ಅಕ್ಟೋಬರ್ 1ರಿಂದ ಬಾಡಿಗೆ ಮನೆಗಳಿಗೂ ಕಡ್ಡಾಯವಾಯಿತು. ಪ್ರಮಾಣಪತ್ರಕ್ಕೆ ಹತ್ತು ವರ್ಷಗಳ ಆಯುಷ್ಯ. ಮನೆಯನ್ನು ಬಾಡಿಗೆಗೆಂದು ಜಾಹೀರಾತು ಮಾಡುವ ಮೊದಲೇ ಅದು ಇರಬೇಕು, ಇಲ್ಲವೇ ಅದಕ್ಕೆ ಆದೇಶ ಕೊಟ್ಟಿರಬೇಕು. ಜಾಹೀರಾತಿನಲ್ಲಿ ದರ್ಜೆಯನ್ನು ತೋರಿಸಬೇಕು. ಬಾಡಿಗೆದಾರರಿಗೆ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಇದರಲ್ಲಿ ತಪ್ಪಿದರೆ 200 ಪೌಂಡ್ ದಂಡ. ಬಾಡಿಗೆದಾರರು ವಾಸವಾಗಿರುವಾಗಲೇ ಹತ್ತು ವರ್ಷ ತುಂಬಿದರೆ ಅಷ್ಟಕ್ಕೇ ಹೊಸದನ್ನು ಮಾಡಿಸಬೇಕೆಂದಿಲ್ಲ. ಮನೆ ಖಾಲಿಯಾಗಿ ಮತ್ತೆ ಬಾಡಿಗೆಗೆ ಇಡುವಾಗ ಅದು ಬೇಕಾಗುತ್ತದೆ.

200 ಪೌಂಡ್ ದಂಡಕ್ಕೆ ಯಾರೂ ಬೆಚ್ಚುವುದಿಲ್ಲ. ಬಿಸಿ ಮುಟ್ಟಿಸಿದ್ದು 2015ರ ನಿಯಮಾವಳಿ. ಅದರಂತೆ 2018ರ ಏಪ್ರಿಲ್ 1ರಿಂದ ಹೊಸ ಬಾಡಿಗೆ ಒಪ್ಪಂದಗಳಿಗೆ, 2020ರ ಏಪ್ರಿಲ್ 1ರಿಂದ ಚಾಲ್ತಿಯಲ್ಲಿರುವ ಒಪ್ಪಂದಗಳಿಗೂ ಕನಿಷ್ಠ ಇ ದರ್ಜೆ ಇರಲೇಬೇಕು (ದರ್ಜೆಗಳಲ್ಲಿ ಎ ಎಲ್ಲಕ್ಕಿಂತ ಮೇಲು, ಜಿ ಎಲ್ಲಕ್ಕಿಂತ ಕೆಳಗೆ). ಎಫ್ ಅಥವಾ ಜಿ ಬಂದ ಮನೆಯನ್ನು ವಿನಾಯಿತಿ ನೋಂದಾಯಿಸದೆ ಬಾಡಿಗೆಗೆ ಕೊಟ್ಟರೆ ಸ್ಥಳೀಯ ಕೌನ್ಸಿಲ್ ಒಂದು ಮನೆಗೆ ಒಟ್ಟು 5,000 ಪೌಂಡ್‌ವರೆಗೆ ದಂಡ ಹಾಕಬಹುದು, ಮಾಲೀಕರ ತಪ್ಪನ್ನು ಸಾರ್ವಜನಿಕ ದಾಖಲೆಯಲ್ಲಿ ಪ್ರಕಟಿಸಲೂಬಹುದು. ಈ ಮಿತಿಯನ್ನು ಸಿ ದರ್ಜೆಗೆ ಏರಿಸುವ ಮಾತು 2020ರಿಂದಲೂ ನಡೆದಿದೆ. 2023ರ ಸೆಪ್ಟೆಂಬರಿನಲ್ಲಿ ಅಂದಿನ ಪ್ರಧಾನಿ ರಿಷಿ ಸುನಕ್ ಅದನ್ನು ಕೈಬಿಟ್ಟರು. 2025ರ ಫೆಬ್ರವರಿಯಲ್ಲಿ ಮುಂದಿನ ಸರ್ಕಾರ, 2030ರ ಹೊತ್ತಿಗೆ ಎಲ್ಲ ಖಾಸಗಿ ಬಾಡಿಗೆ ಮನೆಗಳೂ ಸಿ ದರ್ಜೆ ಮುಟ್ಟಬೇಕೆಂಬ ಪ್ರಸ್ತಾವವನ್ನು ಮತ್ತೆ ಮುಂದಿಟ್ಟಿತು. ಆದ್ದರಿಂದ ಡಿ ದರ್ಜೆಯ ಮಾಲೀಕರು ನಿಶ್ಚಿಂತೆಯಿಂದ ಕೂರುವ ಕಾಲ ಇದಲ್ಲ. ಹಾಗೆಂದು ಗಾಬರಿಬಿದ್ದು ಸಾವಿರಾರು ಪೌಂಡ್ ಸುರಿಯಬೇಕಾಗಿಯೂ ಇಲ್ಲ.

ದರ್ಜೆಯ ಹಿಂದೆ ಒಂದು ಅಂಕವಿದೆ. 39ರಿಂದ 54ರವರೆಗೆ ಇ, 55ರಿಂದ 68ರವರೆಗೆ ಡಿ, 69ರಿಂದ 80ರವರೆಗೆ ಸಿ. ಈ ಅಂಕ ಬಾಡಿಗೆದಾರರ ಕರೆಂಟು ಬಿಲ್ಲನ್ನಾಗಲಿ ಗ್ಯಾಸ್ ಮೀಟರಿನ ರೀಡಿಂಗನ್ನಾಗಲಿ ನೋಡಿ ಹಾಕಿದ್ದಲ್ಲ ಎಂದರೆ ಅನೇಕರಿಗೆ ಆಶ್ಚರ್ಯವಾಗುತ್ತದೆ. ಒಂದು ಸಾಮಾನ್ಯ ಕುಟುಂಬ ಆ ಮನೆಯಲ್ಲಿದ್ದು, ಹಾಲ್ ಅನ್ನು 21 ಡಿಗ್ರಿಯಷ್ಟು ಬೆಚ್ಚಗಿಟ್ಟುಕೊಂಡರೆ, ಪ್ರತಿ ಚದರ ಮೀಟರಿಗೆ ಇಂಧನದ ವೆಚ್ಚ ಎಷ್ಟಾಗಬಹುದು ಎಂದು ತಂತ್ರಾಂಶ ಹಾಕುವ ಲೆಕ್ಕ ಇದು. ಮನೆಯಲ್ಲಿ ಇರುವವರು ಮಿತವ್ಯಯಿಗಳೋ ದುಂದುಗಾರರೋ ಎಂಬುದು ಅದಕ್ಕೆ ಬೇಡ. ಗೋಡೆ, ಮಾಡು, ನೆಲ, ಕಿಟಕಿ, ಬಿಸಿ ಮಾಡುವ ವ್ಯವಸ್ಥೆ, ಬಿಸಿನೀರು, ದೀಪ ಇಷ್ಟನ್ನು ಅಸೆಸರ್, ಅಂದರೆ ನನ್ನಂತೆ ಮನೆ ಪರಿಶೀಲಿಸಲು ಬರುವವರು, ನೋಡಿ, ಅಳೆದು, ಫೋಟೊ ತೆಗೆದು ತುಂಬುತ್ತಾರೆ. ನೋಡಲಾಗದ್ದಕ್ಕೆ, ಪುರಾವೆ ಇಲ್ಲದ್ದಕ್ಕೆ ತಂತ್ರಾಂಶವು ಮನೆ ಕಟ್ಟಿದ ಕಾಲವನ್ನು ಆಧರಿಸಿ ತಾನೇ ಒಂದು ಊಹೆಯನ್ನು ಹಾಕಿಕೊಳ್ಳುತ್ತದೆ, ಮತ್ತು ಆ ಊಹೆ ಸಾಮಾನ್ಯವಾಗಿ ಮಾಲೀಕರ ಪರವಾಗಿರುವುದಿಲ್ಲ. ವಿದ್ಯಾರ್ಥಿಗೆ ಉತ್ತರ ಗೊತ್ತಿದ್ದರೂ ಪತ್ರಿಕೆಯಲ್ಲಿ ಬರೆಯದಿದ್ದರೆ ಮೌಲ್ಯಮಾಪಕರು ಅಂಕ ಕೊಡಲಾರರಲ್ಲವೇ, ಇದೂ ಹಾಗೆಯೇ.

ಲಾಫ್ಟ್ ಅನ್ನೇ ನೋಡಿ. ಮಾಡಿನ ಕೆಳಗಿನ ಆ ಅಟ್ಟದಲ್ಲಿ 270 ಮಿಲಿಮೀಟರ್ ದಪ್ಪದ ಇನ್ಸುಲೇಷನ್, ಅಂದರೆ ಶಾಖ ಹೊರಹೋಗದಂತೆ ತಡೆಯುವ ಪದರ, ಹಾಸಿರುವುದು ಇಂದಿನ ಶಿಫಾರಸು. ಮಾಲೀಕರು ಅಷ್ಟನ್ನೂ ಹಾಕಿಸಿರುತ್ತಾರೆ. ಆದರೆ ಮಧ್ಯೆ ಯಾರೋ ಬಣ್ಣ ಬಳಿಯುವಾಗ ಲಾಫ್ಟಿನ ಬಾಗಿಲನ್ನು ಬಣ್ಣ ಸೇರಿಸಿ ಅಂಟಿಸಿಬಿಟ್ಟಿರುತ್ತಾರೆ, ಅಥವಾ ಅದರ ಕೆಳಗೇ ಬಾಡಿಗೆದಾರರ ದೊಡ್ಡ ಕಪಾಟು ನಿಂತಿರುತ್ತದೆ. ನಾನು ಬಾಗಿಲನ್ನು ಒಡೆದು ಹತ್ತುವಂತಿಲ್ಲ. ಅಳತೆಪಟ್ಟಿಯನ್ನು ಇನ್ಸುಲೇಷನ್ ಒಳಗೆ ಇಳಿಸಿ ದಪ್ಪ ಕಾಣುವಂತೆ ತೆಗೆದ ಫೋಟೊ ಇಲ್ಲದಿದ್ದರೆ, ಅದನ್ನು ಹಾಕಿಸಿದ್ದಕ್ಕೆ ಸರಿಯಾದ ಕಾಗದವೂ ಇಲ್ಲದಿದ್ದರೆ, 'ಗೊತ್ತಿಲ್ಲ' ಎಂದೇ ತುಂಬಬೇಕಾಗುತ್ತದೆ. ನನಗೆ ಮಾನ್ಯತೆ ಕೊಟ್ಟ ಸಂಸ್ಥೆ ನನ್ನ ಕೆಲಸವನ್ನು ಆಗಾಗ ತಪಾಸಣೆಗೆ ತೆಗೆದುಕೊಳ್ಳುತ್ತದೆ. ಮಾಲೀಕರ ಬಾಯಿಮಾತು ಅಲ್ಲಿ ಪುರಾವೆಯಾಗುವುದಿಲ್ಲ.

ಗೋಡೆಯ ವಿಷಯ ಇನ್ನೂ ಸೂಕ್ಷ್ಮ. ಇಟ್ಟಿಗೆಗಳ ಉದ್ದ ಮುಖವೂ ಗಿಡ್ಡ ಮುಖವೂ ಸಾಲಿನಲ್ಲಿ ಒಂದಾದ ಮೇಲೊಂದು ಬರುತ್ತಿದ್ದರೆ ಅದು ಸಾಧಾರಣವಾಗಿ ಒಳಗೆ ಟೊಳ್ಳಿಲ್ಲದ ಗಟ್ಟಿ ಗೋಡೆ. ವಿಕ್ಟೋರಿಯನ್ ಕಾಲದ ಸಾಲುಮನೆಗಳಲ್ಲಿ ಕಾಣುವುದು ಇದೇ. ಉದ್ದ ಮುಖಗಳೇ ಸಾಲಾಗಿ ಕಂಡರೆ ನಡುವೆ ಟೊಳ್ಳಿರುವ ಕ್ಯಾವಿಟಿ ಗೋಡೆ ಎಂದು ಊಹಿಸಿ, ಬಾಗಿಲ ಬಳಿ ದಪ್ಪವನ್ನು ಅಳೆದು ಖಚಿತಪಡಿಸಿಕೊಳ್ಳುತ್ತೇವೆ. ಆ ಟೊಳ್ಳನ್ನು ಮುಂದೆಂದೋ ಇನ್ಸುಲೇಷನ್‌ನಿಂದ ತುಂಬಿಸಿದ್ದರೆ, ಹೊರಗೋಡೆಯ ಗಾರೆಯಲ್ಲಿ ರಂಧ್ರ ಕೊರೆದು ಮತ್ತೆ ಮುಚ್ಚಿದ ದುಂಡನೆಯ ಗುರುತುಗಳು ಒಂದೇ ಅಂತರದಲ್ಲಿ ಕಾಣಿಸುತ್ತವೆ. ಆಮೇಲೆ ಗೋಡೆಗೆ ಗಿಲಾವು ಬಳಿದಿದ್ದರೆ ಆ ಗುರುತೂ ಮಾಯ. ಆಗ ಉಳಿಯುವುದು ಸೀಗಾ ಸಂಸ್ಥೆ ಕೊಡುವ 25 ವರ್ಷಗಳ ಗ್ಯಾರಂಟಿ ಪತ್ರ, ಮತ್ತು ಅದು ಮನೆ ಮಾರಿದ ಹಿಂದಿನ ಮಾಲೀಕರ ವಕೀಲರು ಕಳಿಸಿದ ಕಡತದೊಳಗೆ ನೀವು ತೆರೆಯದೆ ಇಟ್ಟ ಪುಟಗಳಲ್ಲಿರುವ ಸಾಧ್ಯತೆಯೇ ಹೆಚ್ಚು. ಕಿಟಕಿಯ ಡಬಲ್ ಗ್ಲೇಜಿಂಗ್ 2002ರ ಹಿಂದಿನದೋ ಈಚಿನದೋ ಎಂಬುದರಿಂದಲೂ ಅಂಕ ಬದಲಾಗುತ್ತದೆ. ಕಿಟಕಿ ಹಾಕಿಸಿದಾಗ ಕೊಡುವ ಫೆನ್ಸಾ ಪ್ರಮಾಣಪತ್ರವಿದ್ದರೆ ಸುಲಭ. ಇಲ್ಲದಿದ್ದರೆ ಎರಡು ಗಾಜುಗಳ ನಡುವಿನ ಲೋಹದ ಪಟ್ಟಿಯ ಮೇಲೆ ಕೆಲವೊಮ್ಮೆ ತಯಾರಿಕೆಯ ವರ್ಷ ಅಚ್ಚಾಗಿರುತ್ತದೆ, ಟಾರ್ಚ್ ಹಿಡಿದು ಹುಡುಕುತ್ತೇವೆ.

ಹೀಗಾಗಿ ಹೊಸ ಇಪಿಸಿಗೆ ಹೇಳುವ ಮೊದಲು ಹಳೆಯದನ್ನು ತೆಗೆದು ಓದಿ ಎನ್ನುವುದು ನನ್ನ ಮೊದಲ ಸಲಹೆ. ಸರ್ಕಾರದ ಜಾಲತಾಣದಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಯಾವ ಮನೆಯ ಪ್ರಮಾಣಪತ್ರವನ್ನಾದರೂ ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದು. ಗೋಡೆ, ಮಾಡು, ನೆಲ ಎಂಬ ಸಾಲುಗಳ ಎದುರು 'ಅಸ್ಯೂಮ್ಡ್' ಎಂದು ಬರೆದಿರುವಲ್ಲೆಲ್ಲ ಅಸೆಸರ್ ಪುರಾವೆ ಕಾಣದೆ ಊಹೆಗೆ ಬಿಟ್ಟಿದ್ದಾರೆ ಎಂದು ಅರ್ಥ. ಅಂತಹ ಪ್ರತಿ ಸಾಲಿಗೂ ನಿಮ್ಮಲ್ಲಿ ಕಾಗದವಿದೆಯೇ ಎಂದು ಹುಡುಕಿ. ಬಾಯ್ಲರಿನ ತಯಾರಕರ ಹೆಸರು ಮತ್ತು ಮಾದರಿ ಸಂಖ್ಯೆ ಕಾಣುವಂತಿರಲಿ, ಏಕೆಂದರೆ ಅದೇ ಮಾದರಿಯ ದಕ್ಷತೆಯನ್ನು ನಾವು ರಾಷ್ಟ್ರೀಯ ದತ್ತಾಂಶದಿಂದ ತೆಗೆದುಕೊಳ್ಳುತ್ತೇವೆ. ಗೊತ್ತಾಗದಿದ್ದರೆ ಅಲ್ಲಿಯೂ ಊಹೆಯೇ.

ಹತ್ತು ವರ್ಷಗಳ ಹಿಂದಿನ ಡಿ ದರ್ಜೆ ಈಗಲೂ ಡಿ ಆಗಿಯೇ ಬರುತ್ತದೆ ಎಂದು ನಂಬಿಕೊಳ್ಳಬೇಡಿ. 2025ರ ಜೂನ್ 15ರಿಂದ ಲೆಕ್ಕದ ಹೊಸ ಆವೃತ್ತಿ ಜಾರಿಗೆ ಬಂದಿದೆ. ಹಿಂದೆ ಕಿಟಕಿಗಳ ವಿಸ್ತೀರ್ಣವನ್ನು ಬಹುತೇಕ ಮನೆಯ ಗಾತ್ರದಿಂದಲೇ ಅಂದಾಜಿಸುತ್ತಿದ್ದೆವು. ಈಗ ಪ್ರತಿಯೊಂದು ಕಿಟಕಿಯನ್ನೂ ಅಳೆಯಬೇಕು. ಇಂಧನದ ಬೆಲೆಗಳೂ ಪರಿಷ್ಕೃತವಾಗಿವೆ. ಒಂದು ಮೊಳೆಯೂ ಬದಲಾಗದ ಮನೆಗೆ ಅಂಕ ಏರುವುದೂ ಉಂಟು, ಇಳಿಯುವುದೂ ಉಂಟು.

ಖರ್ಚಿನ ವಿಚಾರಕ್ಕೆ ಬಂದರೆ, ಅಂಕವು ಇಂಗಾಲವನ್ನಲ್ಲ, ವೆಚ್ಚವನ್ನು ಆಧರಿಸಿದೆ ಎಂಬುದನ್ನು ಮರೆಯಬಾರದು. ಕರೆಂಟಿಗಿಂತ ಗ್ಯಾಸ್ ಅಗ್ಗವಾದ್ದರಿಂದ, ಪರಿಸರಕ್ಕೆ ಒಳ್ಳೆಯದೆಂದು ನೀವು ಮಾಡಿದ್ದು ಇಲ್ಲಿ ಅಂಕ ತರಲೇಬೇಕೆಂದಿಲ್ಲ. ಇದರ ಪೆಟ್ಟು ಹೆಚ್ಚಾಗಿ ಬೀಳುವುದು ಗ್ಯಾಸ್ ಸಂಪರ್ಕವಿಲ್ಲದ, ಗೋಡೆಗೆ ಸಾಮಾನ್ಯ ಪ್ಯಾನೆಲ್ ಹೀಟರ್ ಜೋಡಿಸಿದ ಸಣ್ಣ ಫ್ಲ್ಯಾಟುಗಳಿಗೆ, ಮತ್ತು ನಮ್ಮವರು ಮೊದಲ ಮನೆಯಾಗಿ ಕೊಂಡದ್ದು ಎಷ್ಟೋ ಸಲ ಇಂಥದ್ದನ್ನೇ. ಅಲ್ಲಿ ದಿನದ ದುಬಾರಿ ದರದ ಕರೆಂಟಿನಲ್ಲೇ ಮನೆ ಬೆಚ್ಚಗಾಗುತ್ತದೆ ಎಂದು ತಂತ್ರಾಂಶ ಲೆಕ್ಕ ಹಾಕುತ್ತದೆ. ರಾತ್ರಿಯ ಅಗ್ಗದ ದರದಲ್ಲಿ ಶಾಖ ತುಂಬಿಕೊಂಡು ಹಗಲಲ್ಲಿ ಬಿಡುವ ಆಧುನಿಕ ಸ್ಟೋರೇಜ್ ಹೀಟರ್‌ಗಳನ್ನು, ಎರಡು ದರದ ಮೀಟರಿನೊಂದಿಗೆ ಹಾಕಿಸಿದರೆ ಅಂಕ ಚೆನ್ನಾಗಿ ಏರುತ್ತದೆ. ಆದರೆ ಒಂದು ಎಚ್ಚರಿಕೆ: ಆ ಹೀಟರನ್ನು ಬಳಸುವ ಬಗೆಯನ್ನು ಬಾಡಿಗೆದಾರರಿಗೆ ತಿಳಿಸದಿದ್ದರೆ, ಅವರು ಸಂಜೆ ಅದರ ಬೂಸ್ಟ್ ಗುಂಡಿಯನ್ನೇ ಒತ್ತುತ್ತಾ ಮೊದಲಿಗಿಂತ ದೊಡ್ಡ ಬಿಲ್ ಕಟ್ಟುತ್ತಾರೆ. ಪ್ರಮಾಣಪತ್ರ ಸುಧಾರಿಸಿ ಮನೆ ಸುಧಾರಿಸದ ಇಂತಹ ಉದಾಹರಣೆಗಳು ನನಗೆ ಅಪರೂಪವಲ್ಲ.

ಗ್ಯಾಸ್ ಬಾಯ್ಲರ್ ಇರುವ ಹಳೆಯ ಸಾಲುಮನೆಗಳಲ್ಲಿ ಅಗ್ಗದ ಕೆಲಸಗಳನ್ನು ಮೊದಲು ಮುಗಿಸಬೇಕು. ಎಲ್ಲ ದೀಪಗಳನ್ನೂ ಎಲ್‌ಇಡಿಗೆ ಬದಲಿಸುವುದು, ಬಿಸಿನೀರಿನ ಹಂಡೆಗೆ 80 ಮಿಲಿಮೀಟರ್ ದಪ್ಪದ ಹೊದಿಕೆಯನ್ನೂ ಥರ್ಮೋಸ್ಟಾಟನ್ನೂ ಹಾಕಿಸುವುದು, ರೇಡಿಯೇಟರ್‌ಗಳಿಗೆ ತಾಪ ನಿಯಂತ್ರಿಸುವ ವಾಲ್ವ್ ಜೋಡಿಸುವುದು, ಲಾಫ್ಟ್ ಇನ್ಸುಲೇಷನನ್ನು ಪೂರ್ಣಗೊಳಿಸುವುದು, ಬಳಸದ ಬೆಂಕಿಗೂಡಿನ ಹೊಗೆನಾಳವನ್ನು ಸರಿಯಾಗಿ ಮುಚ್ಚಿಸುವುದು ಇವುಗಳಲ್ಲಿ ಸೇರುತ್ತವೆ. ಗಟ್ಟಿ ಗೋಡೆಗೆ ಒಳಗಿನಿಂದ ಇನ್ಸುಲೇಷನ್ ಮಾಡಿಸುವುದು ಅಂಕ ತಂದರೂ, ನಾನು ಕೊನೆಗೆ ಇಡುವ ಕೆಲಸ ಅದು. ಗಾಳಿಯಾಟವನ್ನು ಯೋಚಿಸದೆ ಮಾಡಿದರೆ ತೇವ ಗೋಡೆಯೊಳಗೆ ಸಿಕ್ಕಿಕೊಂಡು, ಮುಂದಿನ ಚಳಿಗಾಲದಲ್ಲಿ ಬೂಷ್ಟಿನ ದೂರು ಮಾಲೀಕರ ಬಾಗಿಲಿಗೇ ಬರುತ್ತದೆ. ಫ್ಲ್ಯಾಟ್ ಆಗಿದ್ದರೆ ಹೊರಗೋಡೆ ನಿಮ್ಮದಲ್ಲ. ಫ್ರೀಹೋಲ್ಡರ್, ಅಂದರೆ ಇಡೀ ಕಟ್ಟಡದ ಮೂಲ ಮಾಲೀಕರ, ಒಪ್ಪಿಗೆಯಿಲ್ಲದೆ ಅದನ್ನು ಮುಟ್ಟುವಂತಿಲ್ಲ.

ಇ ದರ್ಜೆ ಮುಟ್ಟಿಸಲು ಮಾಲೀಕರು ತಮ್ಮ ಕೈಯಿಂದ ಖರ್ಚು ಮಾಡಬೇಕಾದ ಮಿತಿ ಈಗಿನ ನಿಯಮದಲ್ಲಿ ವ್ಯಾಟ್ ಸೇರಿ 3,500 ಪೌಂಡ್. 2017ರ ಅಕ್ಟೋಬರ್ 1ರಿಂದ ಈಚೆಗೆ ಇದೇ ಉದ್ದೇಶಕ್ಕೆ ಮಾಡಿದ ಖರ್ಚೂ ಅದರಲ್ಲಿ ಸೇರುತ್ತದೆ, ಆದ್ದರಿಂದ ಬಿಲ್ಲುಗಳನ್ನು ಎಸೆಯಬಾರದು. ಮಿತಿಯೊಳಗೆ ಆಗುವಷ್ಟನ್ನು ಮಾಡಿಸಿಯೂ ಇ ಬರದಿದ್ದರೆ, ಅಥವಾ ಶಿಫಾರಸಾದ ಕೆಲಸಗಳಲ್ಲಿ ಅತಿ ಅಗ್ಗದ್ದೇ ಆ ಮಿತಿಯನ್ನು ಮೀರುತ್ತದೆಂದು ಮೂರು ಕೊಟೇಶನ್‌ಗಳಿಂದ ತೋರಿಸಿದರೆ, ವಿನಾಯಿತಿಗೆ ನೋಂದಾಯಿಸಬಹುದು. ಫ್ರೀಹೋಲ್ಡರ್ ಒಪ್ಪಿಗೆ ನಿರಾಕರಿಸಿದ್ದು, ಗೋಡೆಯ ಇನ್ಸುಲೇಷನ್ ಕಟ್ಟಡಕ್ಕೆ ಹಾನಿಕರವೆಂದು ತಜ್ಞರು ಬರೆದುಕೊಟ್ಟದ್ದು ಇವೂ ಆಧಾರಗಳಾಗುತ್ತವೆ. ವಿನಾಯಿತಿ ಸಾಮಾನ್ಯವಾಗಿ ಐದು ವರ್ಷ ನಡೆಯುತ್ತದೆ, ಮನೆ ಮಾರಿದರೆ ಹೊಸ ಮಾಲೀಕರಿಗೆ ವರ್ಗವಾಗುವುದಿಲ್ಲ. ನನಗೆ ವಿನಾಯಿತಿ ಸಿಗಬೇಕು ಎಂದು ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು, ನೋಂದಣಿ ಆಗಿರಬೇಕು. ಆ ನೋಂದಣಿಯಲ್ಲಿ ಸುಳ್ಳು ಮಾಹಿತಿ ಕೊಟ್ಟರೆ ಅದಕ್ಕೇ ಬೇರೆ ದಂಡವಿದೆ.

ಬೆಂಗಳೂರಿನಲ್ಲಿದ್ದು ಇಲ್ಲಿಯ ಮನೆಯನ್ನು ನಡೆಸುವವರಿಗೆ ಒಂದೆರಡು ಮಾತು. ಏಜೆಂಟರಿಗೆ ನಿರ್ವಹಣೆ ವಹಿಸಿದ ಮಾತ್ರಕ್ಕೆ ಕನಿಷ್ಠ ದರ್ಜೆಯ ಹೊಣೆ ಅವರಿಗೆ ಹೋಗುವುದಿಲ್ಲ. ಕೌನ್ಸಿಲಿನ ನೋಟಿಸ್ ಬರುವುದು ಮಾಲೀಕರ ಹೆಸರಿಗೆ. ಏಜೆಂಟರು ಅತಿ ಅಗ್ಗದ ಅಸೆಸರನ್ನು ಕಳಿಸಿ, ಅವರು ಅವಸರದಲ್ಲಿ ಬಂದು ಹೋಗಿ, ಅರ್ಧ ಮನೆ ಊಹೆಯಲ್ಲೇ ತುಂಬಿಕೊಂಡ ಪ್ರಮಾಣಪತ್ರಗಳನ್ನು ನಾನು ಕಂಡಿದ್ದೇನೆ. ಭೇಟಿಯ ದಿನ ನಿಮಗೇ ಗೊತ್ತಿರಲಿ, ಕಾಗದಗಳನ್ನು ಆ ದಿನಕ್ಕೆ ಮುಂಚೆಯೇ ಅಸೆಸರ್‌ಗೆ ನೇರವಾಗಿ ಮೇಲ್ ಮಾಡಿ, ಮೀಟರ್ ಮತ್ತು ಹಂಡೆಯಿರುವ ಕಪಾಟನ್ನೂ ಲಾಫ್ಟಿನ ಬಾಗಿಲನ್ನೂ ತೆರವು ಮಾಡಿಡಲು ಬಾಡಿಗೆದಾರರನ್ನು ಕೇಳಿಕೊಳ್ಳಿ. ಪ್ರಮಾಣಪತ್ರ ದಾಖಲಾದ ಮೇಲೆ ಗೋಡೆಯ ಬಗೆಯೋ ಬಾಯ್ಲರಿನ ಮಾದರಿಯೋ ತಪ್ಪಾಗಿ ಕಂಡರೆ ಮೊದಲು ಅಸೆಸರ್‌ಗೆ ಲಿಖಿತವಾಗಿ ತಿಳಿಸಬೇಕು. ಅವರು ಒಪ್ಪಿದರೆ ಸರಿಪಡಿಸಿದ್ದನ್ನು ಮತ್ತೆ ದಾಖಲಿಸುತ್ತಾರೆ. ಒಪ್ಪದಿದ್ದರೆ, ಅವರಿಗೆ ಮಾನ್ಯತೆ ಕೊಟ್ಟ ಸಂಸ್ಥೆಯ ಹೆಸರು, ಫೋನು ಮತ್ತು ಇಮೇಲ್ ವಿಳಾಸ ಪ್ರಮಾಣಪತ್ರದಲ್ಲೇ ಇರುತ್ತವೆ, ದೂರನ್ನು ಅಲ್ಲಿಗೆ ಕೊಡಬಹುದು.